ರಟ್ಟಿನ ಚೆಕ್ಕು

ಜೂನ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಐದು ಗಂಟೆ, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ನನ್ನ ಮನೆಯ ಮುಂದೆ. ಹಾಜರಿದ್ದವರು ಇಬ್ಬರು: ನಾನು, ಮತ್ತು ಇಲ್ಲಿನ ಕನ್ನಡದವರೆಲ್ಲ ‘ರೊಟ್ಟಿ ಆಂಟಿ’ ಎಂದು ಕರೆಯುವ ಹೆಂಗಸು. ಅವಳು ಗದಗಿನ ಕಡೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮನೆಮನೆಗೆ ಕೊಟ್ಟು ಬದುಕುತ್ತಿದ್ದಳು. ನನ್ನನ್ನು ಅಕ್ಕಾರ ಎನ್ನುತ್ತಾಳೆ.

ಐದಕ್ಕೆ ಹೊರಡುವುದೆಂದರೆ ಐದಕ್ಕೆ ಹೊರಡುವುದು. ಮೈಸೂರಿನ ನರ್ಸಿಂಗ್ ಶಾಲೆಯಲ್ಲಿ ನಮ್ಮನ್ನು ಬೆಳೆಸಿದ ಮೇಟ್ರನ್ ಬೇರೆ ಯಾವ ಅರ್ಥವನ್ನೂ ಕಲಿಸಲಿಲ್ಲ. ರೊಟ್ಟಿ ಆಂಟಿ ಅದಕ್ಕೂ ಮೊದಲೇ ಬಂದು ಗೇಟಿನ ಬಳಿ ನಿಂತಿದ್ದಳು, ಕೈಯಲ್ಲಿ ಸ್ಟೀಲ್ ಡಬ್ಬಿ.

“ಡಬ್ಬಿ ಯಾಕೆ?” ಎಂದೆ.

“ಡಾಕ್ಟರ್ ಮನಿಗೆ ಬರಿಗೈಲೆ ಹ್ಯಾಂಗ ಹೋಗೂದ್ರಿ ಅಕ್ಕಾರ? ಎಣ್ಣಿಹೋಳಗಿ ಅದಾವ.”

“ಕೊಡಬೇಕಾದವನು ಅವನು. ನೀನು ಅವನಿಗೆ ಹೋಳಿಗೆ ಒಯ್ತಿದ್ದೀಯ.”

“ಕೊಡಬೇಕಾದವ್ರ ಮನಿಗೇ ಒಯ್ಯೂದ್ರಿ. ಕೊಟ್ಟುಬಿಟ್ಟವ್ರ ಮನಿಗೆ ಯಾಕ ಒಯ್ಯಬೇಕು?”

ಬೆಲ್ಟ್ ಹಾಕಿಕೋ ಎಂದು ಕಾರು ತೆಗೆದೆ. ಆ ದಿನದ ಕೆಲಸ ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಮೊದಲು ಡ್ಯಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿರುವ ಒಬ್ಬ ಹೃದಯದ ಡಾಕ್ಟರ ಮನೆಗೆ ಹೋಗಿ ಒಂದು ಸಾಲು ಬರೆಸಿಕೊಳ್ಳುವುದು. ಅಲ್ಲಿಂದ ಆಸ್ಟಿನ್‌ಗೆ ಹೋಗಿ, ಮೂರು ಗಂಟೆಗೆ ಗೊತ್ತಾಗಿದ್ದ ಮೇಲ್ಮನವಿಯ ವಿಚಾರಣೆಯಲ್ಲಿ ಆ ಸಾಲನ್ನು ಕೊಡುವುದು. ಕೊಟ್ಟರೆ ಅವಳ ಮನೆಗೆ ಛಾವಣಿ ಆಗುತ್ತದೆ. ಇಲ್ಲವಾದರೆ ಈ ಮಳೆಗಾಲದೊಳಗೆ ಮನೆ ಬಿಡಬೇಕು. ನೀಲಿ ಟಾರ್ಪಾಲು ಹೊದೆಸಿದ ಮನೆಯಲ್ಲಿ ಇನ್ನು ಇರಕೂಡದೆಂದು ಸಿಟಿಯವರು ಬಾಗಿಲಿಗೆ ನೋಟಿಸ್ ಅಂಟಿಸಿ ಹೋಗಿದ್ದರು. ಒಳಗಿನ ಗೋಡೆಗಳಲ್ಲಿ ಬೂಷ್ಟು ಹತ್ತಿ ಅವಳಿಗೆ ಉಬ್ಬಸ ಬೇರೆ ಶುರುವಾಗಿತ್ತು.

ಚಂಡಮಾರುತ ಬಂದದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಅವಳ ಮನೆಯ ಛಾವಣಿಯ ಅರ್ಧ ಹಾರಿಹೋಯಿತು, ನೆಲ ನೆಂದು ಉಬ್ಬಿತು, ವೈರಿಂಗ್ ಸುಟ್ಟಿತು. ಗಂಡ ಸತ್ತ ಮೇಲೆ ಇನ್ಶೂರೆನ್ಸ್ ಕಟ್ಟುವುದು ನಿಂತುಹೋಗಿತ್ತು. ಸರ್ಕಾರದ ಪುನರ್ವಸತಿ ಯೋಜನೆಗೆ ಅರ್ಜಿ ಹಾಕಿದಳು. ಮೊದಲ ಕಂತು ಬಂತು, ನೆಲವೂ ವೈರಿಂಗೂ ಆದವು. ಛಾವಣಿಗೆಂದು ಇಟ್ಟಿದ್ದ ಎರಡನೆಯ ಕಂತು ಆಸ್ಟಿನ್‌ನ ತಪಾಸಣೆ ಕಚೇರಿಯಲ್ಲಿ ನಿಂತಿತು.

ನಿಲ್ಲಲು ಕಾರಣ ಒಂದು ಫೋಟೊ. ಚಂಡಮಾರುತದ ವರ್ಷ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಆಯಿತು. ಈ ಡಾಕ್ಟರು ಮುಖ್ಯ ಅತಿಥಿ. ಸಂತ್ರಸ್ತರ ಪರವಾಗಿ ರೊಟ್ಟಿ ಆಂಟಿಯನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಆಳುದ್ದದ ರಟ್ಟಿನ ಚೆಕ್ಕನ್ನು ಇಬ್ಬರೂ ಹಿಡಿದು ನಿಂತರು. ಅದರ ಮೇಲಿನ ಸೊನ್ನೆಗಳು ಕೊನೆಯ ಸಾಲಿನ ಕುರ್ಚಿಗೂ ಕಾಣುತ್ತಿದ್ದವು. ವೇದಿಕೆಯ ವೇಳಾಪಟ್ಟಿ ನನ್ನ ಕೈಯಲ್ಲಿತ್ತು; ಆ ಸನ್ಮಾನಕ್ಕೆ ಐದು ನಿಮಿಷ ಇಟ್ಟಿದ್ದೆ, ಡಾಕ್ಟರು ಮಾತಾಡಿದ್ದು ಅರ್ಧ ಗಂಟೆ. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ಆಮೇಲೆ ಡಾಕ್ಟರ ಕಡೆಯಿಂದ ಏನೂ ಬರಲಿಲ್ಲ. ರಟ್ಟನ್ನು ಸಂಘದ ಸ್ಟೋರ್ ರೂಮಿನಲ್ಲಿ ಇಟ್ಟರು.

ಇಷ್ಟಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಾವು ಯಾವ ಅರ್ಜಿಗೂ ಮಾನಪತ್ರ ಸೇರಿಸದೆ ಪಿನ್ ಹೊಡೆಯುವ ಜನರಲ್ಲ. ಗ್ಯಾಸ್ ಕನೆಕ್ಷನ್‌ಗೆ ಅರ್ಜಿ ಹಾಕುವಾಗಲೂ ಹೈಸ್ಕೂಲಿನ ಭಾಷಣ ಸ್ಪರ್ಧೆಯ ಪ್ರಶಸ್ತಿಪತ್ರದ ನಕಲು ಇಡುತ್ತೇವೆ. ಕೊಡುವವನಿಗೆ, ಎದುರಿಗಿರುವವರು ಮರ್ಯಾದಸ್ಥರೆಂದು ತಿಳಿಯಲಿ ಎಂದು. ಅವಳೂ ಹಾಗೆಯೇ, ತನ್ನ ಯೋಜನೆಯ ಕಡತಕ್ಕೆ ಆ ಬಣ್ಣದ ಫೋಟೊವನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ ಕೊಟ್ಟಳು. ಇದು ಅವಳು ನನಗೆ ಹೇಳಿದ್ದು ಕಂತು ನಿಂತ ಮೇಲೆ.

ತಪಾಸಣೆಯವರು ಫೋಟೊ ನೋಡಿದರು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ನೆರವು ಪಡೆಯುವ ಹಾಗಿಲ್ಲ ಎಂಬುದು ಈ ಯೋಜನೆಯ ಕಾನೂನು. ಬೇರೆಯವರು ಕೊಟ್ಟಷ್ಟನ್ನು ಸರ್ಕಾರ ತನ್ನ ಪಾಲಿನಿಂದ ಕಳೆಯುತ್ತದೆ. ರಟ್ಟಿನ ಮೇಲಿದ್ದ ಮೊತ್ತವನ್ನು ಕಳೆದರು. ಛಾವಣಿಯ ಪಾಲು ಪೂರ್ತಿ ಹೋಯಿತು.

ತಪಾಸಣೆ ಬೇಡ ಎನ್ನುವವಳು ನಾನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನೋಡಿಕೊಂಡವಳು. ಹೊಟ್ಟೆ ಹೊಲಿಯುವ ಮೊದಲು ಒಳಗೆ ಹೋದ, ರಕ್ತ ಹೀರುವ ಗಾಜ್ ಬಟ್ಟೆಯ ತುಂಡುಗಳೆಲ್ಲ ಹೊರಗೆ ಬಂದವೇ ಎಂದು ಇಬ್ಬರು ಬಾಯಿಬಿಟ್ಟು ಎಣಿಸಬೇಕು. ಒಂದು ಕಡಿಮೆಯಾದರೆ ಎಂಥ ದೊಡ್ಡ ಸರ್ಜನ್ ಆದರೂ ಕೈ ತೊಳೆದುಕೊಂಡು ಹೋಗುವ ಹಾಗಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತು ಬೈಸಿಕೊಂಡದ್ದುಂಟು. ಚಂಡಮಾರುತದ ದುಡ್ಡಿನಲ್ಲಿ ಕಳ್ಳತನ ನಡೆಯುತ್ತದೆ. ನಮ್ಮ ಬೀದಿಯಲ್ಲೇ ಇಲ್ಲದ ಹಾನಿಗೆ ನೆರವು ಹೊಡೆದವರಿದ್ದಾರೆ, ಅರ್ಧ ಛಾವಣಿ ಹೊದೆಸಿ ನಾಪತ್ತೆಯಾದ ಗುತ್ತಿಗೆದಾರರಿದ್ದಾರೆ. ದುಡ್ಡು ವಾಷಿಂಗ್ಟನ್ನಿನಿಂದ ರಾಜ್ಯಕ್ಕೆ, ರಾಜ್ಯದಿಂದ ಕನ್ಸಲ್ಟೆಂಟ್ ಕಂಪನಿಗೆ, ಅಲ್ಲಿಂದ ಇನ್ನೊಂದು ಕಂಪನಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲಿ ಎಣಿಸುವವನೊಬ್ಬ, ಅವನನ್ನು ಎಣಿಸುವವನು ಇನ್ನೊಬ್ಬ. ಎಣಿಸಲಿ. ಥಿಯೇಟರಿನಲ್ಲಿ ನಮ್ಮ ಕಣ್ಣು ಮೇಜಿನ ಮೇಲಿನ ಹೊಟ್ಟೆಯ ಮೇಲೆ ಇರುತ್ತಿತ್ತು. ಇಲ್ಲಿ ಎಲ್ಲರ ಕಣ್ಣೂ ತಮ್ಮನ್ನು ಎಣಿಸುವವನ ಮೇಲೆ ಇತ್ತು.

ಬೇಕಾದದ್ದು ಒಂದು ಸಾಲು: ‘ನಾನು ಘೋಷಿಸಿದೆ, ಆದರೆ ಕೊಡಲಿಲ್ಲ.’ ಡಾಕ್ಟರ ಸಹಿ. ಎರಡು ತಿಂಗಳು ಫೋನ್ ಮಾಡಿದೆ. ಮೆಸೇಜು ಕಳಿಸಿದೆ. ಕೊನೆಗೆ ಅವರ ಹೆಂಡತಿಗೆ, ಗುರುವಾರ ಬರುತ್ತೇವೆ ಎಂದು ತಿಳಿಸಿದೆ. ‘ಖಂಡಿತ ಬನ್ನಿ’ ಎಂದು ಕೈಮುಗಿದ ಚಿತ್ರ ಬಂತು.

ಡ್ಯಾಲಸ್ ದಾರಿಯಲ್ಲಿ ಒಂದು ಕಡೆ ಕಾಫಿಗೆ ನಿಲ್ಲಿಸಿದಾಗ ಅವಳು ಕೇಳಿದಳು, “ಅಕ್ಕಾರ, ಅವರು ಕೊಟ್ಟಿಲ್ಲ ಅಂತ ಬರಕೊಡ್ರಿ ಅಂತ ಬಾಯಿ ಬಿಟ್ಟು ಹ್ಯಾಂಗ ಕೇಳೂದ್ರಿ? ಕೊಡ್ರಿ ಅಂತ ಕೇಳೂದರ ಸುಲಭ ಇತ್ತು.”

“ನಾನು ಕೇಳ್ತೀನಿ. ನೀನು ಡಬ್ಬಿ ಹಿಡ್ಕೊಂಡು ಕೂತಿರು.”

ಕ್ಯಾರಲ್ಟನ್‌ನಲ್ಲಿ ಡಾಕ್ಟರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಎರಡು ಕಲ್ಲಿನ ಆನೆಗಳು. ಡಾಕ್ಟರ ಹೆಂಡತಿ ಬಾಗಿಲು ತೆಗೆದರು.

“ಅಯ್ಯೋ ಆಂಟಿ, ಬನ್ನಿ ಬನ್ನಿ! ಚಪ್ಪಲಿ ಆಚೆಗೇ ಬಿಟ್ಬಿಡಿ, ವುಡ್ ಫ್ಲೋರ್ ಈಗಷ್ಟೇ ಪಾಲಿಶ್ ಮಾಡ್ಸಿದ್ದು. ಯಾರಿದು, ರೊಟ್ಟಿ ಆಂಟಿನಾ? ನಿಮ್ಮ ಚಟ್ನಿಪುಡಿ ಇಲ್ದೆ ಇವರಿಗೆ ದೋಸೆ ಇಳಿಯಲ್ಲ.”

ಡಾಕ್ಟರು ಒಳಗಿನಿಂದ ಬಂದರು. ಅರವತ್ತರ ಆಸುಪಾಸಿನವರು, ನಗುಮುಖ. ನಾನು ನಿವೃತ್ತಳಾಗಿ ವರ್ಷಗಳೇ ಕಳೆದರೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ.

“ಏನ್ ಸಿಸ್ಟರ್, ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದ್ರಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ.”

“ಮಾಡಿದೆ ಡಾಕ್ಟ್ರೇ. ನೀವು ತೆಗೀಲಿಲ್ಲ.”

“ಗೊತ್ತಿಲ್ದಿರೋ ನಂಬರ್ ನಾನು ತೆಗೆಯಲ್ಲ.”

“ನಿಮ್ಮ ಮಗಳ ಮದುವೆ ಕರೆಯೋಲೆ ಅದೇ ನಂಬರಿಗೆ ಬಂದಿತ್ತು.”

“ಬಾಯಿ ನೋಡೇ ಸಿಸ್ಟರದ್ದು,” ಎಂದು ಹೆಂಡತಿಯ ಕಡೆ ತಿರುಗಿ ನಕ್ಕರು. “ಇವರು ಥಿಯೇಟರಲ್ಲಿ ಇದ್ದಾಗ ಸರ್ಜನ್‌ಗಳೇ ನಡುಗ್ತಿದ್ರಂತೆ.”

ಉಪ್ಪಿಟ್ಟು ಬಂತು, ಕಾಫಿ ಬಂತು. ಹೋಳಿಗೆ ಡಬ್ಬಿ ಅಡುಗೆಮನೆಗೆ ಹೋಯಿತು. ತಟ್ಟೆ ಕೆಳಗಿಟ್ಟು ನಾನು ವಿಷಯ ಹೇಳಿದೆ: ಮೂರು ಗಂಟೆಗೆ ವಿಚಾರಣೆ, ಒಂದು ಸಾಲು ಸಾಕು.

“ನೋಡಿ ಸಿಸ್ಟರ್, ಕೊಡಲಿಲ್ಲ ಅನ್ನೋದು ಸರಿಯಾದ ಮಾತಲ್ಲ,” ಎಂದರು ಡಾಕ್ಟರು. “ನಾನು ಹೇಳಿದ್ದು ಮ್ಯಾಚಿಂಗ್ ಡೊನೇಷನ್. ಬೇರೆಯವರು ಎಷ್ಟು ಹಾಕ್ತಾರೋ ಅಷ್ಟು ನಾನೂ ಹಾಕ್ತೀನಿ ಅಂತ. ಯಾರೂ ಹಾಕಲಿಲ್ಲ. ಅದಕ್ಕೆ ನಾನು ಹೊಣೆನಾ?”

“ರಟ್ಟಿನ ಮೇಲೆ ಹಾಗೆ ಬರೆದಿರಲಿಲ್ಲ.”

“ಎಲ್ಲಾನೂ ರಟ್ಟಿನ ಮೇಲೆ ಬರೆಯಕ್ಕಾಗುತ್ತಾ?”

“ಸರಿ. ಹಾಗಾದ್ರೆ ಅದನ್ನೇ ಬರೆದುಕೊಡಿ. ಮ್ಯಾಚಿಂಗ್ ಅಂದಿದ್ದೆ, ಯಾರೂ ಹಾಕಲಿಲ್ಲ, ನಾನೂ ಕೊಡಲಿಲ್ಲ ಅಂತ.”

ಅವರ ನಗು ನಿಂತಿತು. “ಸರ್ಕಾರಿ ಕಡತ ಸಿಸ್ಟರ್ ಅದು. ಯಾರು ಬೇಕಾದ್ರೂ ಕೇಳಿ ತೆಗೀಬಹುದು. ಈ ವರ್ಷ ದೊಡ್ಡ ಕನ್ನಡ ಸಮ್ಮೇಳನದ ಅಧ್ಯಕ್ಷ ನಾನು. ನಾಳೆ ಯಾವನೋ ಒಬ್ಬ ಅದನ್ನ ವಾಟ್ಸಾಪಿಗೆ ಹಾಕ್ತಾನೆ. ಆಮೇಲೆ ನೀವು ಬಂದು ವಿವರಣೆ ಕೊಡ್ತೀರಾ?”

“ಇವಳ ತಲೆ ಮೇಲೆ ಛಾವಣಿ ಇಲ್ಲ ಡಾಕ್ಟ್ರೇ.”

“ಗೊತ್ತು. ಅದಕ್ಕೇ ನಮ್ಮ ಲಾಯರ್ ಹತ್ರ ಮಾತಾಡಿ ಒಂದು ದಾರಿ ಮಾಡ್ಸಿದೀನಿ.”

ಆಗ ಪಕ್ಕದ ಕೋಣೆಯಿಂದ ಅವರ ಕ್ಲಿನಿಕ್ಕಿನ ಮ್ಯಾನೇಜರಮ್ಮ ಬಂದಳು. ನಾವು ಉಪ್ಪಿಟ್ಟು ತಿನ್ನುವಷ್ಟು ಹೊತ್ತೂ ಆಕೆ ಅಲ್ಲೇ ಕೂತಿದ್ದಿರಬೇಕು. ಆಕೆ ನೋಟರಿಯೂ ಹೌದು. ಕೈಯಲ್ಲಿ ಮುದ್ರೆ, ಟೈಪ್ ಮಾಡಿದ ಕಾಗದ. ನಾನು ಓದಿ ಕನ್ನಡದಲ್ಲಿ ಹೇಳಿದೆ. ಡಾಕ್ಟರು ಇಂತಿಷ್ಟು ನೆರವು ಕೊಡಲು ಮುಂದಾದರು. ಈ ಮಹಿಳೆ ಸ್ವಾಭಿಮಾನದಿಂದ, ಗೌರವಪೂರ್ವಕವಾಗಿ ಅದನ್ನು ನಿರಾಕರಿಸಿದರು. ಹಾಗಾಗಿ ಯಾವ ಹಣವೂ ಸಂದಾಯವಾಗಿಲ್ಲ. ಕೆಳಗೆ ಇಬ್ಬರ ಸಹಿಗೂ ಜಾಗ.

“ನೋಡಿ, ಹಣ ಬಂದಿಲ್ಲ ಅಂತ ಆಯ್ತು. ನಿಮಗೆ ಬೇಕಾದ್ದು ಅದೇ ತಾನೇ?” ಎಂದರು ಡಾಕ್ಟರು. “ಜೊತೆಗೆ ಆಂಟಿಗೂ ಮರ್ಯಾದೆ. ಎಷ್ಟು ಜನ ಹೀಗೆ ಬೇಡ ಅಂತಾರೆ?”

ಅವಳು ನನ್ನ ಮುಖ ನೋಡಿದಳು. “ನಾ ಬ್ಯಾಡ ಅಂದಿದ್ದು ಯಾವಾಗ್ರಿ?”

“ಅಂದಿಲ್ಲ. ಸಹಿ ಮಾಡಬೇಡ. ಮೊದಲು ಕಚೇರಿಯವರನ್ನ ಕೇಳೋಣ,” ಎಂದು ನಾನು ಅಂಗಳಕ್ಕೆ ಬಂದು ಆಸ್ಟಿನ್‌ಗೆ ಫೋನ್ ಮಾಡಿದೆ. ಸಂಗೀತ ಬಂತು. ನಿಮ್ಮ ಕರೆ ನಮಗೆ ಮುಖ್ಯ ಎಂದಿತು. ಮತ್ತೆ ಸಂಗೀತ. ಆನೆಗಳ ಪಕ್ಕ ನಿಂತು ಕಾದೆ; ಒಂದಕ್ಕೆ ದಂತ ಮುರಿದಿತ್ತು. ಫೋನ್ ಯಾರೂ ಎತ್ತಲಿಲ್ಲ.

ನಾನು ಒಳಗೆ ಬರುವಷ್ಟರಲ್ಲಿ ಡಾಕ್ಟರ ಹೆಂಡತಿ ಅವಳ ಪಕ್ಕ ಸೋಫಾದಲ್ಲಿ ಕೂತು ಅವಳ ಕೈ ಹಿಡಿದಿದ್ದರು. “ಸಮ್ಮೇಳನಕ್ಕೆ ಉತ್ತರ ಕರ್ನಾಟಕ ಊಟ ಒಂದು ದಿನ ಪೂರ್ತಿ ನಿಮಗೇ ಕೊಡೋಣ ಅಂತ ಇವರು ಹೇಳ್ತಿದ್ರು ಆಂಟಿ. ಬೇರೆ ಕೇಟರಿಂಗ್‌ನವರು ಹಿಂದೆ ಬಿದ್ದಿದ್ದಾರೆ. ನಾನೇ ಬೇಡ ಅಂದೆ. ನಮ್ಮೋರು ಕಷ್ಟದಲ್ಲಿ ಇದ್ದಾಗ ನಮ್ಮೋರಿಗೆ ತಾನೇ ಕೊಡ್ಬೇಕು?”

ಸಹಿ ಆಗಿತ್ತು. ಮ್ಯಾನೇಜರಮ್ಮ ಮುದ್ರೆ ಒತ್ತುತ್ತಿದ್ದಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, “ನಿಮಗೆ ಅನುಕೂಲ ಆಗ್ಲಿ ಅಂತ ಈಗಲೇ ಸ್ಕ್ಯಾನ್ ಮಾಡಿ ಆಸ್ಟಿನ್‌ಗೆ ಇಮೇಲ್ ಕಳಿಸಿಬಿಡ್ತಾರೆ. ನೀವು ನಿಧಾನವಾಗಿ ಹೋಗಿ,” ಎಂದರು.

ಹೊರಡುವಾಗ ಹೆಂಡತಿ ಒಂದು ದೊಡ್ಡ ಚೀಲ ತಂದರು. “ಸೀರೆಗಳು ಆಂಟಿ, ಒಂದೊಂದು ಸಲ ಉಟ್ಟಿದ್ದಷ್ಟೇ. ನಿಮ್ಮ ಮನೇಲಿ ಎಲ್ಲ ನೆಂದುಹೋಗಿರುತ್ತಲ್ಲ.” ಡಬ್ಬಿಯನ್ನೂ ತೊಳೆದು ವಾಪಸು ಕೊಟ್ಟರು, ಖಾಲಿ.

ಆಸ್ಟಿನ್‌ ದಾರಿಗೆ ಬಂದ ಮೇಲೆ ನಾನು ಬೈದೆ.

“ಅಕ್ಕಾರ, ನೀವು ಹೊರಗ ನಿಂತಾಗ ಆ ಬಾಯಾರು ನನ್ನ ಕೈ ಹಿಡಕೊಂಡಿದ್ರಲ್ಲ, ಬಿಡಲೇ ಇಲ್ರಿ. ಬಲಗೈನ ಹಿಡದಿದ್ರು. ಹೆಬ್ಬೆರಳ ಒತ್ತೋ ಕಾಲ ಆಗಿದ್ರ ಅವರ ಒತ್ತಿಬಿಡತಿದ್ರು.”

“ನಗಬೇಡ.”

“ನಗಲಾರದ ಏನ್ ಮಾಡ್ಲಿ? ನನಗ ಸ್ವಾಭಿಮಾನ ಅದ ಅಂತ ಇವತ್ತ ಗೊತ್ತಾತು. ಅದೂ ಇಂಗ್ಲೀಷಿನ್ಯಾಗ.”

ನಾನು ಹೇಳಿದೆ: ವಿಚಾರಣೆಯಲ್ಲಿ ಆ ಕಾಗದದ ಮಾತೆತ್ತುವುದು ಬೇಡ. ನಡೆದದ್ದನ್ನು ನಡೆದ ಹಾಗೆ ಬಾಯಲ್ಲೇ ಹೇಳೋಣ. ಅವಳು ಹೂಂ ಎಂದಳು. ವೇಕೊ ಊರಿನಲ್ಲಿ ರಸ್ತೆ ಕೆಲಸ, ಕಾರುಗಳು ನಿಂತು ನಿಂತು ಸಾಗಿದವು. ಆದರೂ ಮೂರಕ್ಕೆ ಮೊದಲೇ ತಲುಪಿದೆವು. ನಾನು ಅಷ್ಟು ಹೊತ್ತು ಇಟ್ಟುಕೊಂಡೇ ಹೊರಟಿದ್ದೆ.

ಕಚೇರಿ ಇದ್ದದ್ದು ಆಸ್ಟಿನ್ನಿನ ಉತ್ತರಕ್ಕೆ, ದ ಡೊಮೇನ್ ಎಂಬ ಮಾಲ್ ಪಕ್ಕದ ಗಾಜಿನ ಕಟ್ಟಡದಲ್ಲಿ. ಕೆಳಗೆ ಹುಡುಗ ಹುಡುಗಿಯರು ಕೊರಳಲ್ಲಿ ಕಂಪನಿ ಬಿಲ್ಲೆ ತೂಗುಹಾಕಿಕೊಂಡು ತಣ್ಣನೆಯ ಕಾಫಿ ಹೀರುತ್ತ ಓಡಾಡುತ್ತಿದ್ದರು. ಎರಡು ಸಲ ಕನ್ನಡ ಕಿವಿಗೆ ಬಿತ್ತು. ಮೇಲೆ ಒಂದು ಸಣ್ಣ ಕೋಣೆ, ಮೇಜು, ಕಂಪ್ಯೂಟರ್ ಪರದೆ, ವಿಚಾರಣೆ ಮಾಡುವ ಅಧಿಕಾರಿ. ನಲವತ್ತರ ಹೆಂಗಸು, ಮೆತ್ತಗಿನ ದನಿ. ರೊಟ್ಟಿ ಆಂಟಿಗೆ ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡಲು ಹೆದರುತ್ತಾಳೆ. ಅದಕ್ಕೆ ದುಭಾಷಿಯಾಗಿ ನನ್ನನ್ನು ಒಪ್ಪಿದ್ದರು. ಹೇಳಿದ್ದನ್ನು ಹೇಳಿದಷ್ಟೇ ಅನುವಾದಿಸುತ್ತೇನೆ ಎಂದು ಕೈಯೆತ್ತಿ ಪ್ರಮಾಣ ಮಾಡಿದೆ.

ಅಧಿಕಾರಿ ಮೊದಲು ಬ್ಯಾಂಕ್ ವಿವರದ ಮಾತು ತೆಗೆದರು. ಖಾತೆಯಲ್ಲಿ ಆ ಹಣ ಬಂದಿಲ್ಲ, ನಿಜ. ಆದರೆ ಅಡುಗೆ ವ್ಯಾಪಾರ ನಗದಿನಲ್ಲಿ ನಡೆಯುತ್ತದೆಂದು ಅರ್ಜಿಯಲ್ಲೇ ಬರೆದಿದ್ದೀರಿ. ಹಾಗಾಗಿ ಖಾತೆಯನ್ನು ಮಾತ್ರ ನಂಬಲು ನಮ್ಮ ಮೇಲಿನ ತಪಾಸಣೆಯವರು ಒಪ್ಪುವುದಿಲ್ಲ ಎಂದರು. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಬೆಳಿಗ್ಗೆಯ ಕಾಗದ ಅಲ್ಲಿತ್ತು, ಮುದ್ರೆ ಸಮೇತ.

“ಇದು ಬಂದದ್ದು ಒಳ್ಳೆಯದಾಯಿತು. ಹಣ ಸಂದಾಯವಾಗಿಲ್ಲ ಎಂದು ದಾನಿಯೇ ಹೇಳಿದ್ದಾರೆ. ಆದರೆ ನೆರವು ಕೈಗೆ ಸಿಗುವಂತಿದ್ದು, ಅದನ್ನು ನೀವೇ ಬೇಡವೆಂದರೆ, ನಿಯಮದ ಪ್ರಕಾರ ಅದು ಬಂದಂತೆಯೇ ಲೆಕ್ಕ. ಸರ್ಕಾರ ಅದನ್ನು ತುಂಬಿಕೊಡುವುದಿಲ್ಲ.”

ನಾನು ಅನುವಾದ ಮಾಡದೆ ನನ್ನ ಮಾತನ್ನೇ ಆಡಿದೆ. “ಈ ಕಾಗದ ಸುಳ್ಳು. ಅವರು ಕೊಡಲೇ ಇಲ್ಲ. ಇದಕ್ಕೆ ಸಹಿ ಹಾಕಿಸಿಕೊಂಡದ್ದು ಇವತ್ತು ಬೆಳಿಗ್ಗೆ.”

ಅಧಿಕಾರಿ ಕೈ ಮುಂದೆ ಮಾಡಿ ತಡೆದರು. “ಅಮ್ಮಾ, ನೀವಿಲ್ಲಿ ದುಭಾಷಿ. ನಿಮ್ಮ ಮಾತನ್ನು ನಾನು ಕೇಳಿಸಿಕೊಂಡಿಲ್ಲ ಎಂದು ಇಟ್ಟುಕೊಳ್ಳುತ್ತೇನೆ. ಹೇಳುವುದಿದ್ದರೆ ಅವರೇ ಹೇಳಬೇಕು. ಹೇಳುವ ಮೊದಲು ನಾನೊಂದು ಎಚ್ಚರಿಕೆ ಓದಬೇಕು.”

ಓದಿದರು. ಪ್ರಮಾಣ ಮಾಡಿ ಸಹಿ ಹಾಕಿದ ಕಾಗದದಲ್ಲಿ ಸುಳ್ಳಿದ್ದರೆ ಅದನ್ನು ವಂಚನೆಯ ತನಿಖೆಗೆ ಕಳಿಸುವುದು ಅಧಿಕಾರಿಯ ಕರ್ತವ್ಯ. ತನಿಖೆ ಮುಗಿಯುವ ತನಕ ಕಡತ ಮುಚ್ಚಿರುತ್ತದೆ. ಹಿಂದೆ ಕೊಟ್ಟ ಕಂತನ್ನೂ ಮರಳಿ ಕೇಳಬಹುದು. ಈ ಸಲ ಒಂದು ಪದ ಬಿಡದೆ ಕನ್ನಡದಲ್ಲಿ ಹೇಳಿದೆ.

ಅವಳು ಕೈಚೀಲದಿಂದ ಉಬ್ಬಸದ ಪಂಪು ತೆಗೆದು ಎಳೆದುಕೊಂಡಳು. ಅಧಿಕಾರಿ ಪರದೆ ನೋಡುತ್ತ ಕಾದರು.

“ಅಕ್ಕಾರ, ಸುಳ್ಳು ಅಂದ್ರ ತನಿಖಿ?”

“ಹೌದು. ನೆಲ, ವೈರಿಂಗ್ ಮಾಡಿಸಿದ್ಯಲ್ಲ, ಆ ದುಡ್ಡೂ ವಾಪಸ್ ಕೇಳಬಹುದು.”

“ಖರೇ ಅಂದ್ರ?”

“ಛಾವಣಿ ಇಲ್ಲ.”

“ಡಾಕ್ಟರಿಗೆ ಏನಾಗ್ತದ್ರಿ?”

“ಏನೂ ಆಗಲ್ಲ. ನೀನು ಯಾವುದು ಹೇಳಿದ್ರೂ.”

“ಅವ್ರೂ ಸಹಿ ಮಾಡ್ಯಾರಲ್ರಿ.”

“ಅವರಿಗೆ ಲಾಯರ್ ಇದ್ದಾನೆ. ನೀನು ಬೇಡ ಅಂದೆ ಅಂತ ನನಗೆ ಅನ್ನಿಸಿತು ಅಂತಾರೆ, ಮುಗೀತು.” ನನಗೆ ಗೊತ್ತಿದ್ದಷ್ಟು ಹೇಳಿದೆ. ಆಮೇಲೆ ಇದನ್ನೂ ಹೇಳಿದೆ: “ಆದ್ರೂ ನಿಜಾನೇ ಹೇಳು. ತನಿಖೆ ಆಗ್ಲಿ. ಬೇಕಾದ್ರೆ ಸಂಘದವರನ್ನೆಲ್ಲ ಕರೆಸ್ತೀನಿ. ನಾನೇ ಸಾಕ್ಷಿ ಹೇಳ್ತೀನಿ.”

“ಸಂಘದವ್ರು ಬರ್ತಾರೇನ್ರಿ? ಡಾಕ್ಟರ್ ವಿರುದ್ಧ?”

ಅವತ್ತು ಚಪ್ಪಾಳೆ ಹೊಡೆದವರ ಮುಖಗಳನ್ನು ಒಂದೊಂದಾಗಿ ನೆನೆದೆ. ಒಬ್ಬರ ಬೈಪಾಸ್ ಮಾಡಿದವರು ಈ ಡಾಕ್ಟರು. ಇನ್ನೊಬ್ಬರ ಮಗನಿಗೆ ಮೆಡಿಕಲ್ ಕಾಲೇಜಿಗೆ ಶಿಫಾರಸು ಬರೆದವರು ಅವರು. ಸಮ್ಮೇಳನದ ಸಮಿತಿಯಲ್ಲಿ ಉಳಿದವರೆಲ್ಲ ಇದ್ದರು.

“ಈಗ ಸುಳ್ಳು ಅಂದ್ರ ಸುಳ್ಳುಗಾರ್ತಿ ನಾ ಆಗ್ತೀನಿ ಅಕ್ಕಾರ. ಕೈಯಾರೆ ಸಹಿ ಮಾಡೀನಿ. ಮೊದ್ಲ ಕೊಟ್ಟ ರೊಕ್ಕಾದ್ರೂ ಉಳೀಲಿ.” ಅಧಿಕಾರಿಯ ಕಡೆ ತಿರುಗಿದಳು. “ಖರೇ ಅದ ಅನ್ರಿ.”

ಅಧಿಕಾರಿ ನನ್ನನ್ನು ನೋಡಿದರು. ಅವಳೂ ನೋಡಿದಳು.

“ಅನ್ರಿ ಅಕ್ಕಾರ. ಆಣಿ ಮಾಡೀರಿ.”

ನಿಜ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿಯ ಹೆಗಲು ಸಡಿಲವಾಯಿತು. ಏನೋ ಟೈಪ್ ಮಾಡಿದರು. ಎರಡನೆಯ ಕಂತು ರದ್ದು, ಮೇಲ್ಮನವಿ ಮುಕ್ತಾಯ, ಮೊದಲ ಕಂತಿಗೆ ತೊಂದರೆ ಇಲ್ಲ. ಏಳುವಾಗ ಆಕೆ ಮೇಜಿನ ಮೇಲಿಂದ ಕೈ ಚಾಚಿ ರೊಟ್ಟಿ ಆಂಟಿಯ ಕೈ ಮುಟ್ಟಿದರು.

“ನಿಯಮ ನಿಯಮವೇ. ಆದರೆ ಒಂದು ಮಾತು ಹೇಳಬೇಕು. ಅಷ್ಟು ದೊಡ್ಡ ಮೊತ್ತವನ್ನು ಬೇಡ ಎನ್ನುವ ನಿಮ್ಮ ಸ್ವಾಭಿಮಾನಕ್ಕೆ ನಾನು ತಲೆಬಾಗುತ್ತೇನೆ. ನನ್ನ ಅಜ್ಜಿಯೂ ಹೀಗೇ ಇದ್ದಳು.”

ಅದನ್ನೂ ಅನುವಾದಿಸಬೇಕಾಯಿತು. “ನಿನ್ನ ಸ್ವಾಭಿಮಾನ ಅವರಿಗೆ ಇಷ್ಟ ಆಯ್ತಂತೆ,” ಎಂದೆ.

“ಥ್ಯಾಂಕ್ಯೂ ಮೇಡಂ,” ಎಂದಳು ಅವಳು, ಇಡೀ ವಿಚಾರಣೆಯಲ್ಲಿ ಅವಳಾಡಿದ ಒಂದೇ ಇಂಗ್ಲಿಷ್ ಮಾತು.

ಹಿಂದಿರುಗುವಾಗ ಅವಳು ಸ್ವಲ್ಪ ದೂರ ನಿದ್ದೆ ಮಾಡಿದಳು, ಇಲ್ಲವೇ ಕಣ್ಣು ಮುಚ್ಚಿಕೊಂಡಿದ್ದಳು. ಕೊಲಂಬಸ್ ಊರು ದಾಟುವಾಗ ದಕ್ಷಿಣದ ಕಡೆ ಮೋಡ ಕಪ್ಪಾಗಿ ಕಟ್ಟಿತ್ತು. ರೇಡಿಯೊದವನು ಕೊಲ್ಲಿಯಲ್ಲಿ ಬಿರುಗಾಳಿ ಏನೋ ಎದ್ದಿದೆ, ಇನ್ನೂ ಹೆಸರಿಟ್ಟಿಲ್ಲ ಎನ್ನುತ್ತಿದ್ದ. ರೇಡಿಯೊ ಆರಿಸಿದೆ. ನನ್ನ ಮನೆಯಲ್ಲಿ ಬಂದು ಇರು ಎಂದು ನಾನು ಮುಂಚೆ ಎರಡು ಸಲ ಕರೆದಿದ್ದೆ. ಆವತ್ತು ಮೂರನೆಯ ಸಲ ಕರೆದೆ.

“ನಿಮ್ಮ ಮನ್ಯಾಗ ನಿಮ್ಮ ಟೈಮಿಗೆ ಏಳೂದು, ನಿಮ್ಮ ಟೈಮಿಗೆ ಉಣ್ಣೂದು. ಎರಡ ದಿನ ಇರಬಹುದ್ರಿ. ಮೂರನೇ ದಿನ ನೀವ ಟಾರ್ಪಾಲ ಕೊಟ್ಟು ಕಳಸ್ತೀರಿ,” ಎಂದಳು. ಮಾತು ಸರಿಯಾಗಿಯೇ ಇತ್ತು. ನಾನು ಒತ್ತಾಯ ಮಾಡಲಿಲ್ಲ.

ಅವಳ ಬೀದಿಯ ತಿರುವಿಗೆ ಬಂದಾಗ ಇನ್ನೂ ಬೆಳಕಿತ್ತು. ದೀಪದ ಕಂಬಕ್ಕೆ ಹಳದಿ ಬೋರ್ಡು ಮೊಳೆ ಹೊಡೆದಿದ್ದರು. ಮನೆ ಹೇಗಿದ್ದರೂ ಕೊಳ್ಳುತ್ತೇವೆ, ನಗದು ಕೊಡುತ್ತೇವೆ, ಕೆಳಗೆ ಫೋನ್ ನಂಬರ್.

“ಗಾಡಿ ನಿಲ್ಲಸ್ರಿ,” ಎಂದಳು. “ಆ ನಂಬರ್ ಹೊಡೀರಿ.”

“ಇವತ್ತು ಬೇಡ. ನಾಳೆ ಯೋಚನೆ ಮಾಡೋಣ.”

“ನಾಳೆ ಯೋಚನಿ ಮಾಡಿದ್ರ ನಾಡಿದ್ದ ಆ ಡಾಕ್ಟರ್ ಮನಿಗೆ ಹೋಳಗಿ ಒಯ್ಯೂಣು ಅಂತೀನಿ ನಾ. ಹೊಡೀರಿ.”

ಮೊದಲ ರಿಂಗಿಗೇ ಗಂಡಸೊಬ್ಬ ಎತ್ತಿಕೊಂಡ. ಸಂಗೀತವಿಲ್ಲ, ಕಾಯುವುದಿಲ್ಲ. ಸ್ಪೀಕರಿಗೆ ಹಾಕಿದೆ. ಎಲ್ಲಿ ಮನೆ, ಎಷ್ಟು ಕೋಣೆ ಎಂದು ಕೇಳಿದ. ಅರ್ಧ ಛಾವಣಿ ಇಲ್ಲ ಎಂದೆ.

“ತೊಂದರೆ ಇಲ್ಲ, ಹೇಗೂ ಕೆಡವುವುದೇ. ನಮಗೆ ಬೇಕಾದ್ದು ಜಾಗ,” ಎಂದ. “ಸರ್ಕಾರದ ನೆರವಿಗೆ ಅರ್ಜಿ ಏನಾದರೂ ಬಾಕಿ ಇದೆಯಾ?”

“ಇಲ್ಲ. ಇವತ್ತು ಮುಗಿಯಿತು.”

“ಒಳ್ಳೆಯದು. ಅದೊಂದಿದ್ದರೆ ಬಹಳ ಎಳೆಯುತ್ತದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ವಿಳಾಸ ಕಳಿಸಿ.”

ಎಂಟು ಗಂಟೆ ಆಗಬಹುದೇ ಎಂದು ಅವಳನ್ನು ಕೇಳಿದೆ. ತಲೆಯಾಡಿಸಿದಳು. ಕಾರಿನಿಂದ ಇಳಿದು, ಸೀರೆಯ ಚೀಲವನ್ನು ಹಿಂದಿನ ಸೀಟಿನಲ್ಲೇ ಬಿಟ್ಟು, ಮನೆಯ ಕಡೆ ನಡೆದಳು. ನಾನು ಕನ್ನಡಕ ಹಾಕಿಕೊಂಡು ಅವಳ ಮನೆಯ ಸಂಖ್ಯೆ, ಬೀದಿಯ ಹೆಸರು ಟೈಪ್ ಮಾಡಿ, ಒಂದು ಸಲ ಸರಿನೋಡಿ, ಅವನಿಗೆ ಕಳಿಸಿದೆ. ತಲುಪಿತು ಎಂದು ಉತ್ತರ ಬಂತು.